ಪದಗಳ ಇಸ್ಪೀಟು

"ಕ್ಲಾಸಲ್ಲಿ ಇಸ್ಪೀಟಾ ಮೇಡಂ?"

ಬಾಗಿಲಲ್ಲಿ ನಿಂತವನ ದನಿಗೆ ಹತ್ತನೇ ತರಗತಿಯ ಮಕ್ಕಳು ಎಲೆಗಳನ್ನು ಬೆನ್ನ ಹಿಂದೆ ಅಡಗಿಸಿದರು. ಸಂಘಮಿತ್ರಳ ಮುಖ ಕೆಂಪಾಯಿತು.

"ಇಸ್ಪೀಟಲ್ಲ ಸರ್, ಕನ್ನಡ ಪಾಠ. ಈ ಎಲೇಲಿ 'ಹಾರ' ಅಂತ ಮೂಲಪದ ಇದೆ. ಅದರ ಮೊದಲಿಗೆ 'ವಿ' ಇಟ್ಟರೆ ವಿಹಾರ, 'ಸಂ' ಇಟ್ಟರೆ ಸಂಹಾರ. ಅರ್ಥ ಹೇಳಿದವರಿಗೆ ಆ ಜೋಡಿ."

ಅವನು ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತ. 'ಪ್ರ' ಎಲೆ ಹುಡುಕಿ ಇಟ್ಟ.

"ಪ್ರಹಾರ. ಅಂದ್ರೆ ಏಟು. ಸ್ಕೂಲಲ್ಲಿ ನಂಗೆ ಬೇಕಾದಷ್ಟು ಬಿದ್ದಿದೆ."

ಮಕ್ಕಳು ನಕ್ಕರು. ಅವಳೂ ನಕ್ಕಳು... ಎಷ್ಟು ದಿನದ ಮೇಲೋ!

ಅವನು ಮಹೇಂದ್ರ. ಸರಸ್ವತಿಪುರಂನ ಆ ಟ್ಯುಟೋರಿಯಲ್‌ಗೆ ಅಂದೇ ಸೇರಿದ್ದ ಗಣಿತದ ಮೇಷ್ಟ್ರು.

ಅಮ್ಮ ತೀರಿಕೊಂಡ ಮೇಲೆ ಕುಂಬಾರಕೊಪ್ಪಲಿನ ಬಾಡಿಗೆ ಮನೆಯಲ್ಲಿ ಸಂಘಮಿತ್ರ ಒಬ್ಬಳೇ. ಭಾನುವಾರಗಳಲ್ಲಿ ಮನುಷ್ಯರ ದನಿ ಕೇಳಲೆಂದು ಟಿವಿ ಹಾಕಿ, ರಟ್ಟು ಕತ್ತರಿಸಿ ಎಲೆಗಳನ್ನು ಮಾಡುತ್ತಿದ್ದಳು. ಬಿಡುವಾದಾಗಲೆಲ್ಲ ಮಹೇಂದ್ರ ಆಟಕ್ಕೆ ಬಂದು ಕೂರತೊಡಗಿದ. ಅವಳು ಸೋಮವಾರಕ್ಕೆ ಕಾಯತೊಡಗಿದಳು.

ಒಂದು ದಿನ ಟ್ಯುಟೋರಿಯಲ್ ನಡೆಸುವ ಮಹದೇವಸ್ವಾಮಿಯವರು ಕರೆಸಿದರು. ಅವರ ಕೋಣೆಯಿಂದ ಮಹೇಂದ್ರ ಆಗಷ್ಟೇ ಹೊರಗೆ ಹೋಗುತ್ತಿದ್ದ.

"ಕ್ಲಾಸಲ್ಲಿ ಇಸ್ಪೀಟು ಆಡುಸ್ತೀಯಂತೆ. ಇನ್ಮೇಲೆ ಬೇಡ ಕಣಮ್ಮ."

ಇಸ್ಪೀಟು! ಅದು ಅವನು ಆಡಿದ್ದ ಮಾತಲ್ಲವೇ?

ಅವನು ವರಾಂಡದಲ್ಲೇ ಕಾಯುತ್ತಿದ್ದ. "ಸಂಘಮಿತ್ರ ಅವರೇ, ಒಂದ್ಮಾತು..."

"ಬೇಡ ಸರ್. ಹೇಳೋರ ಹತ್ರ ಹೇಳಿದ್ದೀರಲ್ಲ."

ಆಮೇಲೆ ಮೂರು ತಿಂಗಳು ಅವಳು ಅವನತ್ತ ನೋಡಲಿಲ್ಲ. ಮಧ್ಯಾಹ್ನದ ಬುತ್ತಿಯನ್ನು ಖಾಲಿ ತರಗತಿಯಲ್ಲಿ ಒಬ್ಬಳೇ ಉಂಡಳು. ಗೋಡೆಯಾಚೆ ಅವನು ಪಾಠ ಮಾಡುವುದು ಕೇಳುತ್ತಿತ್ತು. ಮೊದಲು ಒಂಟಿತನ ಅವಳಿಗೆ ರೂಢಿಯಾಗಿತ್ತು. ಈಗ ಅದು ನೋಯುತ್ತಿತ್ತು.

ಮಾರ್ಚ್ ತಿಂಗಳ ಒಂದು ಸಂಜೆ ಮಹದೇವಸ್ವಾಮಿಯವರು ಬೇಸರದಿಂದ ಹೇಳಿದರು:

"ಮಹೇಂದ್ರ ನಾಳೆಯಿಂದ ಬರಲ್ಲ ಕಣಮ್ಮ. ಚಾಮರಾಜನಗರದಲ್ಲಿ ಕೆಲಸವಂತೆ. ಒಳ್ಳೆ ಮನುಷ್ಯ. ಆವತ್ತು ಒಬ್ಬ ಹುಡುಗನ ಅಪ್ಪ ಬಂದು, ಇಸ್ಪೀಟು ಆಡ್ಸೋ ಟೀಚರನ್ನ ತೆಗೀರಿ ಅಂತ ಕೂಗಾಡ್ದ. ನಾನೂ ಒಪ್ಕೊಂಡ್ಬುಟ್ಟಿದ್ದೆ. ಮಹೇಂದ್ರ ಅವ್ರೇ ಬಂದು, ಸಂಘಮಿತ್ರ ಅವರನ್ನ ತೆಗೆದ್ರೆ ನಾನೂ ಹೋಗ್ತೀನಿ ಅಂದ್ಬುಟ್ರು."

ಸಂಘಮಿತ್ರ ಬ್ಯಾಗನ್ನೂ ತೆಗೆದುಕೊಳ್ಳದೆ ಮೆಟ್ಟಿಲಿಳಿದಳು.

ಅವನು ಬಸ್‌ಸ್ಟಾಪಿನಲ್ಲಿ ನಿಂತಿದ್ದ.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋಕೇ ಬಂದಿದ್ದೆ. ನೀವು ಕೇಳ್ಲಿಲ್ಲ. ಆಮೇಲೆ ಮುಖಾನೇ ಕೊಡ್ಲಿಲ್ಲ."

"ತಪ್ಪಾಯ್ತು." ಅವಳು ಅವನ ಮುಖ ನೋಡಿದಳು. "ಚಾಮರಾಜನಗರದಲ್ಲಿ ಸಂಬಳ ಜಾಸ್ತೀನಾ?"

"ಕಡಿಮೆ. ಗೋಡೆ ಪಕ್ಕದಲ್ಲೇ ನಿಮ್ಮ ದನಿ ಕೇಳ್ತಾ, ನಿಮ್ಮನ್ನ ಮಾತಾಡಿಸದೆ ಇರೋಕಾಗ್ಲಿಲ್ಲ. ಅದಕ್ಕೇ ಹೊರಟೆ."

ಯಾರನ್ನೂ ಏನೂ ಕೇಳದೆ ಬದುಕುವುದನ್ನು ಕಲಿತಿದ್ದವಳು ಅವಳು. ಕೇಳಿದರೆ ಇಲ್ಲ ಅಂದಾರೆಂಬ ಭಯ...

"ಹೋಗ್ಬೇಡಿ," ಎಂದಳು. "ನಂಗೆ ನೀವು ಬೇಕು ಮಹೇಂದ್ರ."

ಅವನು ಕಣ್ಣೊರೆಸಿಕೊಂಡು, ಜೇಬಿನಿಂದ ಫೋನ್ ತೆಗೆದ.

"ಅಲ್ಲಿಗೆ ಬರಲ್ಲ ಅಂತ ಹೇಳ್ಬುಡ್ತೀನಿ."

ಅಷ್ಟರಲ್ಲಿ ಕುಂಬಾರಕೊಪ್ಪಲಿನ ಬಸ್ಸು ಬಂತು.

"ನಿಮ್ಮ ಬಸ್ಸು," ಎಂದ.

"ಹೋಗ್ಲಿ. ಮುಂದಿನದಕ್ಕೆ ಹೋಗ್ತೀನಿ."

"ಅದೂ ಹೋಗ್ಲಿ ಬುಡಿ," ಎಂದು ಅವನು ಅವಳ ಕೈ ಹಿಡಿದುಕೊಂಡ.