ಕುಬತ್‌ನ ಬ್ಯಾಗಿನಲ್ಲಿದ್ದ ಬಿಳಿ ಬಟ್ಟೆ

ಸಲಿಕೆ ಇತ್ತು. ಹಿಮದೊಳಗೆ ಚುಚ್ಚಿ ನೋಡುವ ಮಡಚು ಸರಳು ಇತ್ತು. ಥರ್ಮಾಸ್, ಒಂದು ಜೊತೆ ಒಣ ಕೈಗವಸು. ಅದರ ಕೆಳಗೆ, ನೀಟಾಗಿ ಮಡಚಿಟ್ಟ ಬಿಳಿ ತಲೆವಸ್ತ್ರ.

ಬುರುಲಳ ಕೈ ಬ್ಯಾಗಿನೊಳಗೇ ನಿಂತಿತು.

"ಏನು ಕಮ್ಮಿ ಇದೆ?" ಕುಬತ್ ಕೇಳಿದ. ಅವನು ಅವಳ ಬ್ಯಾಗನ್ನು ಮೊಣಕಾಲ ಮೇಲಿಟ್ಟುಕೊಂಡು ನೋಡುತ್ತಿದ್ದ. ಬೆಟ್ಟ ಹತ್ತುವ ಮುಂಚೆ ಜೊತೆಗಾರರು ಒಬ್ಬರ ಬ್ಯಾಗನ್ನೊಬ್ಬರು ತಪಾಸಣೆ ಮಾಡಬೇಕೆಂಬುದು ತರಬೇತಿಯ ನಿಯಮ.

"ಕಮ್ಮಿ ಏನಿಲ್ಲ. ಜಾಸ್ತಿನೇ ಇದೆ."

"ನಿನ್ನದರಲ್ಲೂ ಅಷ್ಟೇ. ಮೂರು ಚಾಕಲೇಟು. ಒಂದು ನನಗಾ?"

ನಿನ್ನೆಯಾಗಿದ್ದರೆ ನಗುತ್ತಿದ್ದಳು. ಇವತ್ತು ಜಿಪ್ ಎಳೆದು ಬ್ಯಾಗನ್ನು ಅವನ ಕಾಲ ಬಳಿ ಇಟ್ಟಳು.

ಆ ಬಟ್ಟೆ ಏನೆಂದು ಜಿರ್ಗಲಾನ್ ಊರಿನ ಹುಡುಗಿಯರಿಗೆ ಯಾರೂ ಹೇಳಿಕೊಡಬೇಕಿಲ್ಲ. ಏಳು ವರ್ಷದ ಹಿಂದೆ ಬುರುಲಳ ಅಕ್ಕ ನಾಜಿರಾಳನ್ನು ಪರಿಚಯದ ಹುಡುಗನೊಬ್ಬ "ಮನೆ ತನಕ ಬಿಡ್ತೀನಿ" ಎಂದು ಗಾಡಿ ಹತ್ತಿಸಿಕೊಂಡಿದ್ದ. ಗಾಡಿ ನಿಂತದ್ದು ಅವನ ಮನೆ ಮುಂದೆ. ಹೊಸಿಲಲ್ಲಿ ಅವನಜ್ಜಿ ಬಿಳಿ ಬಟ್ಟೆ ಹಿಡಿದು ಕಾಯುತ್ತಿದ್ದಳು. ತಲೆಗೆ ಅದು ಬಿದ್ದರೆ ಮದುವೆಯಾದಂತೆ. ನಾಜಿರಾ ಮೂರು ಸಲ ಬೇಡ ಎಂದಳಂತೆ. ಈಗ ಎರಡು ಮಕ್ಕಳ ತಾಯಿ. "ಅಭ್ಯಾಸ ಆಗಿದೆ ಬಿಡು" ಎನ್ನುತ್ತಾಳೆ ಫೋನಿನಲ್ಲಿ.

ಸ್ಕೀ ಗೈಡ್‌ಗಳ ನಾಲ್ಕು ದಿನದ ತರಬೇತಿಯಲ್ಲಿ ಇದು ಮೂರನೆಯ ದಿನ. ಮುಚ್ಚಿಹೋದ ಕಲ್ಲಿದ್ದಲು ಗಣಿಯ ಹಳೇ ಕ್ಲಬ್ಬಿನಲ್ಲಿ ಪಾಠ, ಊರ ಹಿಂದಿನ ಬೆಟ್ಟದಲ್ಲಿ ಅಭ್ಯಾಸ. ಕಲಿಸುವವರು ಜಪಾರ್ ಮೇಷ್ಟ್ರು, ಮೊದಲು ಗಣಿಯಲ್ಲಿದ್ದವರು. ಮೊದಲ ದಿನವೇ ಹೇಳಿದ್ದರು: "ಹಿಮಾನ ನಂಬಬೇಡಿ. ಹವಾಮಾನದ ಸುದ್ದಿ ನಂಬಬೇಡಿ. ನನ್ನಂತೂ ನಂಬಲೇಬೇಡಿ. ಮೇಲೆ ಹೋದಾಗ ಒಬ್ಬರು ಬೇಡ ಅಂದ್ರೆ ಎಲ್ಲರಿಗೂ ಬೇಡ. ಕಾರಣ ಕೇಳಂಗಿಲ್ಲ, ಮುಖ ಊದಿಸ್ಕೊಳ್ಳಂಗಿಲ್ಲ."

ಅವತ್ತೇ ಬೀಪರ್ ಹುಡುಕುವ ಆಟ ಆಡಿಸಿದ್ದರು. ಬೀಪರ್ ಎಂದರೆ ಎದೆಗೆ ಕಟ್ಟಿಕೊಳ್ಳುವ ಅಂಗೈಯಗಲದ ಪೆಟ್ಟಿಗೆ. ಹಿಮ ಕುಸಿದು ಒಳಗೆ ಸಿಕ್ಕಿಬಿದ್ದವನದ್ದು ಕೂಗುತ್ತದೆ, ಮೇಲಿದ್ದವರದ್ದು ಕೇಳಿಸಿಕೊಳ್ಳುತ್ತದೆ. ಬುರುಲ್ ಬೇಕಂತಲೇ ಅದನ್ನು ಕೊಟ್ಟಿಗೆ ಪಕ್ಕದ ಗುಡ್ಡೆಯಲ್ಲಿ ಹೂತಿದ್ದಳು. ಕುಬತ್ ಮೂರೇ ನಿಮಿಷದಲ್ಲಿ ಪತ್ತೆ ಹಚ್ಚಿ, ಅಗೆದು, ಮೊಣಕೈವರೆಗೆ ಸಗಣಿ ಮಾಡಿಕೊಂಡು ಎದ್ದಿದ್ದ.

"ಇದು ಹಿಮಾನಾ?"

"ಒಳಗಿನ ಪದರ ನೋಡ್ಬೇಕು ಅಂತ ಮೇಷ್ಟ್ರು ಹೇಳಿದ್ರಲ್ಲ."

ಅವನ ಹುಬ್ಬಿನಲ್ಲಿ ಮಂಜು ಕಟ್ಟಿತ್ತು. ನಕ್ಕಾಗ ಪುಡಿಯಾಗಿ ರೆಪ್ಪೆಯ ಮೇಲೆ ಉದುರಿತು. ಆ ಪುಡಿ ಒರೆಸಬೇಕೆಂದು ಬುರುಲಳ ಬೆರಳಿಗೆ ಅನಿಸಿತು. ಹಾಗೆ ಅನಿಸಿದ್ದು ಅವಳಿಗೆ ಹಿಡಿಸಲಿಲ್ಲ. ಕೈಗವಸು ಹಾಕಿಕೊಂಡಳು.

ಇವತ್ತು ತಂಡದ ಮುಂದಾಳು ಕುಬತ್. ದಾರಿ ಆರಿಸಿದವನೂ ಅವನೇ: ಬೆಟ್ಟದ ನೆತ್ತಿ ಹತ್ತುವುದು, ಆ ಕಡೆಯ ಇಳಿಜಾರಿನಲ್ಲಿ ಜಾರಿ ಅವನ ಊರು ಸೇರುವುದು. ಹೊರಡುವ ಮುಂಚೆ ಕ್ಲಬ್ಬಿನ ಬಾಗಿಲಲ್ಲಿ ನಿಂತು ಫೋನಿನಲ್ಲಿ ಹೇಳುತ್ತಿದ್ದ, "ಚಿಕ್ಕಪ್ಪಾ, ಎರಡು ಗಂಟೆಗೆ ಗಾಡಿ ತಂದು ನಿಲ್ಸು. ಅಜ್ಜಿಗೆ ಹೇಳಿದೀನಿ, ಎಲ್ಲಾ ರೆಡಿ."

"ಅಜ್ಜಿ ಕಾಯ್ತಿರೋದು ನಮಗಾ, ಇನ್ಯಾರಿಗೋ?" ಮಕ್ಸತ್ ಎಂದ. ಅವನು ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. ಅನ್ನುತ್ತಲೇ ಬುರುಲಳ ಕಡೆ ನೋಡಿದ.

ಕುಬತ್‌ನ ಕಿವಿ ಕೆಂಪಾಯಿತು.

ಬಟ್ಟೆ, ಗಾಡಿ, ಅಜ್ಜಿ. ಬುರುಲ್ ಹೊರಟುಹೋಗಬಹುದಿತ್ತು. ಆದರೆ ತರಬೇತಿ ಮುಗಿಸದಿದ್ದರೆ ಈ ಚಳಿಗಾಲದಲ್ಲಿ ಗೈಡ್ ಕೆಲಸವಿಲ್ಲ. ಅಲ್ಲದೆ ಯಾರಿಗಾದರೂ ಏನೆಂದು ಹೇಳುವುದು, ಒಂದು ಬಟ್ಟೆ ಕಂಡೆ ಎಂದೇ?

ಏರುವಾಗ ಅವನ ಹಿಂದೆಯೇ ಇದ್ದಳು, ಮುಂದೆ ಹೋಗಲಿಲ್ಲ. ಅವನು ತಿರುಗಿ ನೋಡಿದಾಗೆಲ್ಲ, ನಾನು ಬರುತ್ತಿದ್ದೇನೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದಾನೆ ಅಂದುಕೊಂಡಳು. ಅವನು ಟೀ ಕೊಟ್ಟ, ಅವಳು ಮೂಸಿ ನೋಡಿ ಹಿಮಕ್ಕೆ ಚೆಲ್ಲಿದಳು.

"ಅಷ್ಟು ಕೆಟ್ಟದಾಗಿದೆಯಾ?"

"ಬಾಯಾರಿಕೆ ಇಲ್ಲ."

ನೆತ್ತಿಯಲ್ಲಿ ಗುಂಡಿ ತೋಡಿ, ಹಿಮದ ಕಂಬ ಕಡಿದು, ಮೇಲೆ ಸಲಿಕೆ ಇಟ್ಟು ತಟ್ಟಿದರು. ಕಂಬ ಜಾರಿದರೆ ಇಳಿಜಾರೂ ಕುಸಿಯಬಹುದೆಂದು ಅರ್ಥ. ಮೂವತ್ತು ಏಟಿಗೂ ಜಾರಲಿಲ್ಲ. ಆ ಕಡೆ ಇಳಿಯೋಣವಾ ಎಂದು ಕುಬತ್ ಒಬ್ಬೊಬ್ಬರನ್ನೂ ಕೇಳುತ್ತ ಬಂದ. ಎಲ್ಲರೂ ಸರಿ ಎಂದರು. ಕೆಳಗೆ, ರಸ್ತೆ ಮುಗಿಯುವಲ್ಲಿ, ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಕಾಣುವ ಗಾಡಿಯೊಂದು ನಿಂತಿತ್ತು.

"ಬುರುಲ್?"

"ಬೇಡ."

"ಏನಕ್ಕಾ ನೀನು!" ಮಕ್ಸತ್ ಕಿರುಚಿದ. "ಕಂಬ ಗೋಡೆ ಥರ ನಿಂತಿದೆ!"

ಜಪಾರ್ ಮೇಷ್ಟ್ರು ಮುಂದಾಳುವಿನ ಕಡೆ ತಿರುಗಿದರು. ಬುರುಲ್ ಎರಡೂ ಸ್ಕೀ ಕೋಲುಗಳನ್ನು ಬಿಗಿಯಾಗಿ ಹಿಡಿದು ಕುಬತ್‌ನ ತುಟಿಯನ್ನೇ ನೋಡುತ್ತಿದ್ದಳು. ಒಂದೇ ಒಂದು 'ಯಾಕೆ' ಬಂದರೂ ಒಬ್ಬಳೇ ವಾಪಸ್ ಹೊರಡುವುದೆಂದು ಕಾಲು ತಿರುಗಿಸಿಟ್ಟುಕೊಂಡಿದ್ದಳು.

ಅವನು ಗಾಡಿಯನ್ನೊಮ್ಮೆ ನೋಡಿದ, ಅವಳನ್ನೊಮ್ಮೆ.

"ಸರಿ," ಎಂದ. "ಬಂದ ದಾರೀಲೇ ಇಳಿಯೋಣ. ಮುಂದೆ ಇರ್ತೀಯೋ ಹಿಂದೆ ಇರ್ತೀಯೋ, ನೀನೇ ಹೇಳು."

"ಹಿಂದೆ."

ಅವನು ಫೋನ್ ತೆಗೆದ. "ಚಿಕ್ಕಪ್ಪಾ, ವಾಪಸ್ ಹೋಗು. ಬರಲ್ಲ. ಆರು ಜನದ ಊಟ ಅಜ್ಜಿ ಏನಾದ್ರೂ ಮಾಡ್ಕೊಳ್ಳಿ. ಬೈದ್ರೆ ಬೈಲಿ."

ಫೋನಿನ ಆ ಕಡೆ ಯಾರೂ ಇಲ್ಲದೆಯೂ ಇರಬಹುದು ಎಂದುಕೊಂಡಳು ಬುರುಲ್.

ಇಳಿಹೊತ್ತಿನಲ್ಲಿ ಕ್ಲಬ್ಬಿನ ಕಿಟಕಿಯಿಂದ ಆ ನೆತ್ತಿ ಕಾಣುತ್ತಿತ್ತು. ಬೇರೆ ತಂಡವೊಂದು ಅಲ್ಲಿಂದ ಆ ಕಡೆ ಇಳಿದು ಸುಖವಾಗಿ ತಲುಪಿದ ಸುದ್ದಿಯನ್ನು ಮಕ್ಸತ್ ತಂದ. "ಒಂದು ಹಿಡಿ ಹಿಮಾನೂ ಜಾರಲಿಲ್ವಂತೆ, ಬುರುಲಕ್ಕ. ಅಜ್ಜಿ ಕೈ ಅಡುಗೆ ಹೋಯ್ತು."

"ಅವರಲ್ಲಿ ಯಾರೂ ಬೇಡ ಅನ್ಲಿಲ್ಲ, ಇಳಿದ್ರು," ಎಂದ ಕುಬತ್. "ನಮ್ಮಲ್ಲಿ ಅಂದ್ರು, ತಿರುಗಿದ್ವಿ. ಮುಗೀತು."

ಮೇಷ್ಟ್ರು ಮುರಿದ ಕೈ ಕಟ್ಟುವ ಪಾಠ ಶುರು ಮಾಡಿದರು. "ಕುಬತ್, ನಿನಗೆ ತರಕ್ಕೆ ಹೇಳಿದ್ನಲ್ಲ, ತ್ರಿಕೋನ ಬಟ್ಟೆ?"

ಅವನು ಬ್ಯಾಗಿನಿಂದ ಬಿಳಿ ತಲೆವಸ್ತ್ರ ತೆಗೆದ. "ಔಷಧಿ ಅಂಗಡೀಲಿ ಸಿಗಲಿಲ್ಲ. ಅಜ್ಜೀದು ಹಳೇದು." ಮೂಲೆಗೆ ಮೂಲೆ ಮಡಚಿ, ಮಕ್ಸತ್‌ನ ಕೈಯನ್ನು ಅದರಲ್ಲಿ ತೂಗಿಬಿಟ್ಟು, ಕತ್ತಿನ ಹಿಂದೆ ಗಂಟು ಹಾಕಿದ.

"ಅಯ್ಯೋ, ನನ್ನ ಎತ್ತಾಕ್ಕೊಂಡು ಹೋಗ್ತಿದಾರೆ!" ಮಕ್ಸತ್ ಕೂಗಿದ. ಎಲ್ಲರೂ ನಕ್ಕರು. ಇಬ್ಬರು ನಗಲಿಲ್ಲ.

ಪಾಠ ಮುಗಿದ ಮೇಲೆ ಕುಬತ್ ಹೊರಗೆ ಸ್ಕೀಗಳ ಹಿಮ ಒರೆಸುತ್ತಿದ್ದ. ಬುರುಲ್ ಎದುರು ನಿಂತಳು.

"ಮೇಲೆ ನಾನು ಬೇಡ ಅಂದಿದ್ದು ಹಿಮ ನೋಡಿ ಅಲ್ಲ."

"ಗೊತ್ತು. ನೀನು ಹಿಮದ ಕಡೆ ನೋಡ್ಲೇ ಇಲ್ಲ. ಗಾಡಿ ನೋಡ್ತಿದ್ದೆ."

"ಬೆಳಿಗ್ಗೆ ಬ್ಯಾಗಲ್ಲಿ ಬಟ್ಟೆ ಸಿಕ್ತು."

ಅವನ ಕೈ ನಿಂತಿತು. ಅಯ್ಯೋ ನಾನು ಅಂಥವನಲ್ಲ ಎಂದು ಆಣೆ ಇಡುತ್ತಾನೆಂದು ಬುರುಲ್ ಕಾದಳು, ಇಟ್ಟಿದ್ದರೆ ನಂಬುತ್ತಿರಲಿಲ್ಲ.

"ನೀನು ಅನುಮಾನ ಪಟ್ಟಿದ್ದು ತಪ್ಪಲ್ಲ," ಎಂದ. "ಹದಿನೈದು ವರ್ಷದ ಹಿಂದೆ ಚಿಕ್ಕಮ್ಮ ಬಂದಿದ್ದು ಅದೇ ಗಾಡೀಲಿ. ನಾನು ಹಿಂದಿನ ಸೀಟಲ್ಲಿದ್ದೆ, ಎಂಟು ವರ್ಷದೋನು. ತಮಾಷೆ ಅಂದ್ಕೊಂಡಿದ್ದೆ. ಅವಳು ಬೇಡ ಬೇಡ ಅಂತಿದ್ಲು. ಗಾಡೀಲಿ ಯಾರೂ ತಿರುಗಿ ನೋಡ್ಲಿಲ್ಲ."

ಹೆಂಚಿನ ಅಂಚಿನಿಂದ ಕರಗಿದ ನೀರು ತೊಟ್ಟಿಕ್ಕುತ್ತಿತ್ತು.

"ಮಕ್ಸತ್ ಬೆಳಿಗ್ಗೆ ಹಂಗ್ಯಾಕೆ ಅಂದ? ನಿನ್ನ ಕಿವಿ ಯಾಕೆ ಕೆಂಪಾಯ್ತು?"

"ನಿನ್ನ ವಿಷಯ ಅವನ ಹತ್ರ ಜಾಸ್ತಿ ಮಾತಾಡಿದೀನಿ, ಅದಕ್ಕೆ." ಸ್ಕೀಯನ್ನು ಗೋಡೆಗೆ ಒರಗಿಸಿದ. "ತರಬೇತಿ ಮುಗಿದ ಮೇಲೆ ನಿಮ್ಮನೆಗೆ ಟೀಗೆ ಬರಲಾ?"

"ಬೇಡ."

"ಸರಿ."

ತಿರುಗಿ ನಡೆದ. ನಡಿಗೆಯಲ್ಲಿ ಸಿಟ್ಟಿರಲಿಲ್ಲ, ನಾಟಕವೂ ಇರಲಿಲ್ಲ. ಬುರುಲ್ ನೋಡುತ್ತಲೇ ಇದ್ದಳು. ಹತ್ತು ಹೆಜ್ಜೆ. ಹದಿನೈದು. ಒಮ್ಮೆಯೂ ತಿರುಗಿ ನೋಡಲಿಲ್ಲ ಪ್ರಾಣಿ.

"ಏಯ್! ಕಾರಣ ಕೇಳಲ್ವಾ?"

"ಕೇಳಂಗಿಲ್ಲ!"

"ಅಮ್ಮನ ಟೀ ನಿನ್ನ ಟೀಗಿಂತ ಕೆಟ್ಟದಾಗಿರುತ್ತೆ. ಊಟಕ್ಕೇ ಬಾ."

ಈಗ ತಿರುಗಿದ. ಅವಳು ಹತ್ತಿರ ಹೋಗಿ ಕೈ ಚಾಚಿದಳು.

"ಆ ಬಟ್ಟೆ ಕೊಡು. ನನ್ನ ಬ್ಯಾಗಲ್ಲಿರ್ಲಿ."

"ಎಷ್ಟು ದಿನ?"

"ಅದು ನಾನು ಹೇಳೋದು."

ಕೊಟ್ಟ. ಅವನ ಬೆರಳು ಅವಳ ಅಂಗೈಗೆ ತಾಗಿತು. ಇವತ್ತು ಅವಳು ಕೈಗವಸು ಹಾಕಿಕೊಂಡಿರಲಿಲ್ಲ.

ಮರುದಿನ, ಕೊನೆಯ ದಿನ, ಕುಬತ್‌ನ ಬ್ಯಾಗ್ ನೋಡುವ ಸರದಿ ಮಕ್ಸತ್‌ನದು. ತಲೆಯನ್ನೇ ಒಳಗೆ ಹಾಕಿ ಹುಡುಕಿದ.

"ಮೇಷ್ಟ್ರೇ! ಸಲಿಕೆ ಇದೆ, ಸರಳು ಇದೆ. ಬಿಳಿ ಬಟ್ಟೆ ಇಲ್ಲ!"

ಬುರುಲ್ ಬೀಪರ್ ಪಟ್ಟಿ ಬಿಗಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ನನ್ನ ಹತ್ರ ಇದೆ," ಎಂದಳು, ಎಲ್ಲರಿಗೂ ಕೇಳುವಂತೆ. "ನಡೀರಿ, ಹೊತ್ತಾಯ್ತು."