ಎಲೆಯ ನೆಪ

"ಬುಟ್ಟಿ ಕೆಳಗಿಡಿ," ಎಂದಳು ಸೆನೆರಿತಾ.

"ಇಡಲ್ಲ. ಇದನ್ನ ಏನ್ಮಾಡ್ತೀರ ಅಂತ ಮೊದಲು ತೋರಿಸಿ."

ದ್ವೀಪದ ಪಟ್ಟಣ ಅಪಿಯಾದ ಆ ಪ್ರಯೋಗಾಲಯದ ಬಾಗಿಲಲ್ಲಿ, ಸೊಂಟಕ್ಕೆ ಲುಂಗಿಯಂಥ ಲಾವಾಲಾವಾ ಸುತ್ತಿಕೊಂಡು, ಹಸಿ ಎಲೆ ತುಂಬಿದ ತೆಂಗಿನಗರಿಯ ಬುಟ್ಟಿಯನ್ನು ಎದೆಗವಚಿಕೊಂಡು ನಿಂತಿದ್ದವನು ಇಲಾಯಾ. ಎಲೆ ಅವನ ಅಜ್ಜಿ ಮಾತಲೇನಾಳದು. ಊರಿಗೆಲ್ಲ ಮದ್ದು ಕೊಡುವ ಮುದುಕಿ. ಕಾಸು ಮುಟ್ಟಿದರೆ ಮದ್ದು ಮುನಿಯುತ್ತದೆ ಎನ್ನುವವಳು. ಆ ಎಲೆ ಕಾಯಿಲೆ ಬಿದ್ದ ಜೀವಕೋಶಗಳಿಗೆ ಏನು ಮಾಡುತ್ತದೆ ಎಂದು ನೋಡುವುದು ಸೆನೆರಿತಾಳ ಕೆಲಸ.

ಎಂಥ ಮೊಂಡ... ಎಂದುಕೊಳ್ಳುತ್ತಲೇ ಅವಳು ಅವನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು.

"ಇವು ಉರಿಯೂತದ ಕೋಶಗಳು. ಊದ್ಕೊಂಡು, ರೇಗ್ಕೊಂಡು ಕೂತಿವೆ. ಈಗ ಈ ತಟ್ಟೆ ನೋಡಿ. ಇದಕ್ಕೆ ನಿಮ್ಮಜ್ಜಿ ಹೋದ ಸಲ ಕಳಿಸಿದ ಎಲೆ ರಸ ಹಾಕಿದೀನಿ."

ಇಲಾಯಾ ಬಹಳ ಹೊತ್ತು ಅದರಿಂದ ಕಣ್ಣು ಕೀಳಲಿಲ್ಲ. "ಸುಮ್ಮನಾಗಿವೆ," ಎಂದ ಮೆಲ್ಲಗೆ. "ಅಳುವಾಗ ಅಜ್ಜಿ ಎತ್ಕೊಂಡ್ರೆ ನಾನೂ ಹೀಗೇ ಸುಮ್ಮನಾಗ್ತಿದ್ದೆ."

ಅವಳಿಗೆ ನಗು ಬಂತು. ಅವನು ಆ ನಗುವನ್ನು ನೋಡಿಬಿಟ್ಟ. ಇಬ್ಬರ ಕಥೆಯೂ ಅಲ್ಲಿಗೆ ಮುಗಿದಂತೆಯೇ, ಅವರಿಗೆ ಗೊತ್ತಾಗಲಿಲ್ಲ ಅಷ್ಟೆ.

ಅಂದಿನಿಂದ ಮಂಗಳವಾರ ಬಂತೆಂದರೆ ಬುಟ್ಟಿ ಬರುತ್ತಿತ್ತು. ಪ್ರಯೋಗಕ್ಕೆ ಬೇಕಾದದ್ದು ಒಂದು ಹಿಡಿ ಎಲೆ. ಫ್ರಿಜ್ ತುಂಬಿತು, ಜೊತೆಯವರು ಬೇಕೆಂದೇ ಕೆಮ್ಮತೊಡಗಿದರು. ಆದರೂ ಸಾಕು ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಅವನು ಹೋದ ಮೇಲೂ ಕೋಣೆಯಲ್ಲಿ ಎಲೆಯ ವಾಸನೆ ಉಳಿಯುತ್ತಿತ್ತು, ಅವಳಿಗೆ ಅದು ಇಷ್ಟ.

ಒಂದು ಶನಿವಾರ ಅವನ ಫೋನ್ ಬಂತು. ಮಾತಿನ ನಡುವೆ, "ಅಜ್ಜಿ ಕೈಯೆಲ್ಲ ನೀಲಿ ಕಲೆ. ಚಾಪೆ ಹೆಣೆಯೋವಾಗ ಕಂಬಕ್ಕೆ ತಾಗ್ತಂತೆ. ದಿನಾ ಎಲೆ ರಸ ಕುಡೀತಿದಾಳೆ, ಹೋಗುತ್ತೆ ಬಿಡಿ," ಎಂದ.

"ಬೇರೆ ಮಾತ್ರೆ ಏನಾದ್ರೂ...?"

"ರಕ್ತ ಹೆಪ್ಪುಗಟ್ಟದ ಹಾಗೆ ಆಸ್ಪತ್ರೆಯವರು ಒಂದು ಕೊಟ್ಟಿದಾರೆ. ರಾತ್ರಿ ತಗೋತಾಳೆ. ಯಾಕೆ?"

"ನಾನೇ ಬಂದು ಹೇಳ್ತೀನಿ," ಎಂದಳು ಸೆನೆರಿತಾ. ಲಿವರ್‌ನ ಕೋಶಗಳ ಮೇಲೆ ಆ ರಸ ಹಾಕಿ ನೋಡಿ ಇನ್ನೂ ವಾರವಾಗಿರಲಿಲ್ಲ. ಅಜ್ಜಿಯ ಮದ್ದನ್ನು ನಿಲ್ಲಿಸಿ ಎಂದು ಫೋನಿನಲ್ಲಿ ಹೇಳುವುದು ಮರ್ಯಾದೆಯಲ್ಲ. ಎದುರಿಗೆ ಚಾಪೆಯ ಮೇಲೆ ಕೂತು ಹೇಳಬೇಕು. ಅವಳು ಅವನ ಊರಿನತ್ತ ಸಿಕ್ಕಿದ ಬಸ್ಸು ಹತ್ತಿದಳು.

ಅವಳನ್ನು ಕಂಡು ಅರಳಿದ ಇಲಾಯಾನ ಮುಖ, ಮಾತು ಕೇಳುತ್ತ ಬಾಡಿತು.

"ಅಂದ್ರೆ, ನಮ್ಮಜ್ಜಿ ಎಲೆ ವಿಷ."

"ವಿಷ ಅಂದಿಲ್ಲ ನಾನು. ಕೆಲಸ ಮುಗಿದ ಮಾತ್ರೇನ ಲಿವರ್ ಒಡೆದು ಹೊರಗೆ ಹಾಕ್ಬೇಕು. ಈ ರಸ ಅದರ ಕೈ ಕಟ್ಟಿಹಾಕುತ್ತೆ. ಮಾತ್ರೆ ಒಳಗೇ ಸೇರ್ತಾ ಹೋಗುತ್ತೆ. ಆ ಕಲೆ ಕಂಬ ತಾಗಿದ್ದಲ್ಲ ಇಲಾಯಾ, ಒಳಗೆ ರಕ್ತ ಸೋರ್ತಿದೆ."

ಹೆದರಿಕೆ ಕೆಲವರ ಬಾಯಲ್ಲಿ ಸಿಟ್ಟಾಗಿ ಬರುತ್ತದೆ. "ಮೊದಲು ಎಲೆ ಬೇಕು ಅಂದ್ರಿ. ಈಗ ಅದು ಅಜ್ಜಿಗೆ ಬೇಡ, ನಿಮ್ಮ ಫ್ರಿಜ್ಜಲ್ಲಿ ಮಾತ್ರ ಇರ್ಲಿ. ನೀವು ನಗ್ತಿದ್ದಿದ್ದೂ ಎಲೆಗೇ ಅಲ್ವಾ?"

ಅವಳು ಚೀಲ ಹೆಗಲಿಗೇರಿಸಿಕೊಂಡಳು. "ಹೌದು, ಎಲೆಗೇ. ನನ್ನ ಮೇಲೆ ಎಷ್ಟಾದ್ರೂ ಸಿಟ್ಟಾಗಿ, ಆದ್ರೆ ಇವತ್ತಿನ ಮಾತ್ರೆ ಕೊಡಬೇಡಿ. ಡಾಕ್ಟರಿಗೆ ಫೋನ್ ಮಾಡಿ."

ಎದ್ದು ಹೊರಟಳು. ಬರೀ ಕಂಬಗಳ ಮೇಲೆ ನಿಂತ, ಗೋಡೆಯಿಲ್ಲದ ಮನೆ, ಸಿಟ್ಟಿಗೆ ಬಡಿಯೋಣವೆಂದರೆ ಬಾಗಿಲೂ ಇರಲಿಲ್ಲ.

ರಸ್ತೆಗೆ ಕಾಲಿಡುವಷ್ಟರಲ್ಲಿ ಸಂಜೆಯ ಶಂಖ ಮೊಳಗಿತು. ಊರಿನ ತರುಣರು ರಸ್ತೆಯುದ್ದಕ್ಕೂ ಸಾಲಾಗಿ ನಿಂತರು.

"ಅಕ್ಕಾ, ಪ್ರಾರ್ಥನೆ ಹೊತ್ತು. ರಸ್ತೇಲಿ ಯಾರೂ ಓಡಾಡೋ ಹಾಗಿಲ್ಲ. ಹತ್ತಿರದ ಮನೇಲಿ ಕೂತ್ಕೊಳ್ಳಿ," ಎಂದ ಒಬ್ಬ.

"ಆ ಮನೆ ಬಿಟ್ಟು ಬೇರೆ..."

"ಹತ್ತಿರದ್ದು ಅದೇ ಅಕ್ಕಾ."

ಕಣ್ಣೊರೆಸಿಕೊಂಡು ಬಂದು ಕಂಬದ ಪಕ್ಕ ಕೂತಳು. ಇಲಾಯಾ ತಲೆ ಎತ್ತಲಿಲ್ಲ. ಹಿಂದಿನ ಒಲೆಮನೆಯಿಂದ ಅಜ್ಜಿ ಬಂದು ನಡುವೆ ಕೂತಳು. ಮನೆಮಂದಿ ಸುತ್ತ ಸೇರಿ ಪ್ರಾರ್ಥನೆಯ ಹಾಡು ಹಾಡಿ ಮುಗಿಸಿದರು. ಅಜ್ಜಿ ಕಣ್ಣು ಮುಚ್ಚಿ ಪ್ರಾರ್ಥಿಸತೊಡಗಿದಳು.

"ಸ್ವಾಮೀ, ನನ್ನ ಒಸಡಲ್ಲೂ ರಕ್ತ ಬರ್ತಿದೆ. ಮದ್ದು ಕೊಡೋಳಿಗೇ ಕಾಯಿಲೆ ಅಂದ್ರೆ ಊರು ನಗುತ್ತೆ ಅಂತ ಮುಚ್ಚಿಟ್ಟೆ. ಈ ಮಗು ಹೇಳಿದ್ದೆಲ್ಲ ಒಲೆ ಹತ್ರ ಕೇಳಿಸ್ಕೊಂಡೆ. ನಮ್ಮಮ್ಮನೂ ಬಸುರಿಗೆ ಈ ಎಲೆ ಕೊಡ್ತಿರಲಿಲ್ಲ. ಎಲ್ಲ ಮದ್ದೂ ಎಲ್ಲ ಮೈಗೂ ಅಲ್ಲ. ರಸ ಬಿಟ್ಟೆ. ಇನ್ನು ನನ್ನ ಮೊಮ್ಮಗ. ವಾರವಾರ ನನ್ನ ಗಿಡ ಬೋಳು ಮಾಡಿ ಹೊತ್ಕೊಂಡು ಹೋಗ್ತಾನೆ, ಹೇಳ್ಬೇಕಾದ್ದು ಹೇಳದೆ ವಾಪಸ್ ಬರ್ತಾನೆ. ಅವನಿಗೆ ಬುದ್ಧಿ ಕೊಡು, ಇಲ್ಲಾಂದ್ರೆ ನನ್ನ ಗಿಡ ಉಳಿಯಲ್ಲ. ಆಮೆನ್."

"ಆಮೆನ್," ಎಂದರು ಮನೆಮಂದಿಯೆಲ್ಲ. ಇಲಾಯಾನ ಕಿವಿ ಕೆಂಪಗಾಗಿತ್ತು. ಸೆನೆರಿತಾ ನಗಲೂ ಆಗದೆ, ಅಳಲೂ ಆಗದೆ ಚಾಪೆಯನ್ನೇ ನೋಡುತ್ತಿದ್ದಳು.

ಅವನೇ ಡಾಕ್ಟರಿಗೆ ಫೋನ್ ಮಾಡಿದ. ಮಾತ್ರೆ ಕೊಡಬೇಡಿ, ಈಗಲೇ ಕರೆತನ್ನಿ ಎಂದರು. ಮತ್ತೊಮ್ಮೆ ಶಂಖ ಮೊಳಗಿ ರಸ್ತೆ ತೆರೆದದ್ದೇ ತಡ, ಚಿಕ್ಕಪ್ಪನ ಪಿಕಪ್ಪಿನಲ್ಲಿ ಅಜ್ಜಿಯ ಆಚೆ ಅವನು, ಈಚೆ ಅವಳು. ರಕ್ತಪರೀಕ್ಷೆ ನೋಡಿದ ಡಾಕ್ಟರು, ಸರಿಯಾದ ಹೊತ್ತಿಗೆ ಬಂದಿರಿ ಎಂದರು.

ಮಂಗಳವಾರ ಅವನು ಬರುವುದಿಲ್ಲ ಎಂದುಕೊಂಡಿದ್ದಳು. ಬಂದ, ಬರಿಗೈಯಲ್ಲಿ.

"ಅಜ್ಜಿ...?"

"ಮನೆಗೆ ಬಂದ್ಲು. ಗಂಜಿಗೆ ಉಪ್ಪಿಲ್ಲ ಅಂತ ಬೈತಿದಾಳೆ."

ಅವಳ ಎದೆಯ ಮೇಲಿನ ಭಾರ ಇಳಿಯಿತು. "ಬುಟ್ಟಿ ಎಲ್ಲಿ?"

"ಇವತ್ತು ನೆಪ ಇಲ್ಲ, ಸೆನೆರಿತಾ. ನಿಮ್ಮನ್ನ ನೋಡೋಕೇ ಬಂದೆ. ಮೊದಲಿಂದಲೂ ಅಷ್ಟೇ. ಅವತ್ತು ಅಂದ ಮಾತಿಗೆ ತಪ್ಪಾಯ್ತು. ನಂಗೆ ನೀವು ಬೇಕು."

ಅವಳು ಫ್ರಿಜ್ಜಿನ ಬಾಗಿಲು ತೆರೆದಳು. ಒಳಗೆಲ್ಲ ಹಸಿರೇ ಹಸಿರು.

"ನಂಗೆ ಬೇಕಿದ್ದಿದ್ದು ಒಂದು ಹಿಡಿ," ಎಂದಳು. "ಇಷ್ಟನ್ನೂ ಯಾಕೆ ಇಟ್ಕೊಂಡೆ ಅಂತ ಒಂದ್ಸಲನಾದ್ರೂ ಕೇಳ್ಬಾರ್ದಿತ್ತಾ, ಪೆದ್ದ?"

ಅವನು ಅವಳ ಕೈ ಹಿಡಿದ. ಎಲೆ ಕೊಯ್ದು ಒರಟಾದ ಬೆರಳುಗಳಲ್ಲಿ ಅದೇ ಎಲೆಯ ವಾಸನೆ.

"ಶನಿವಾರ ಪ್ರಾರ್ಥನೆಗೆ ಬರಬೇಕಂತೆ. ಅಜ್ಜಿ ಹೇಳಿದಾಳೆ."

"ಶಂಖ ಊದೋಕೆ ಮುಂಚೆನೇ ಬಂದ್ಬಿಡ್ತೀನಿ."

"ಬೇಡ, ಊದೋ ಹೊತ್ತಿಗೇ ಬಾ," ಎಂದ ಅವನು, ಮೊದಲ ಸಲ ಏಕವಚನದಲ್ಲಿ. "ಆಗ ವಾಪಸ್ ಹೋಗೋಕಾಗಲ್ಲ."