ಅಮಾಸಿಯ ಸ್ಲ್ಯಾಬ್

ಕಾಂಕ್ರೀಟಿನ ಬುಟ್ಟಿ ಹೊತ್ತು ತಾನು ಬಿದಿರಿನ ಏಣಿ ಏರುವಾಗ ಸರಳು ಕಟ್ಟುವ ಹುಡುಗ ತನ್ನ ತುಟಿಯನ್ನೇ ನೋಡುತ್ತಾನೆಂದು ಹುಲಿಗೆವ್ವನಿಗೆ ಸಿಟ್ಟು. ಒಂದು ದಿನ ಕೇಳಿಯೇ ಬಿಟ್ಟಳು. ಅಂಬಾರಾಯ ಸರಳಿನಿಂದ ತಲೆ ಎತ್ತದೆಯೇ ಹೇಳಿದ.

"ನೀ ಬಾಯಾಗ ಹೇಳ್ಕೊಳ್ಳೂ ಪಾಠ ತಪ್ಪದ. ಗೋದಾವರಿ ಅರಬ್ಬಿ ಸಮುದ್ರಕ್ಕ ಹೋಗೂದಿಲ್ಲ."

ಅವನೂ ಅರ್ಧಕ್ಕೆ ಶಾಲೆ ಬಿಟ್ಟು ಪುಣೆ ಹತ್ತಿರದ ಭೋಸರಿಗೆ ದುಡಿಯಲು ಬಂದವನು. ಅವಳಂತೆಯೇ ಹೊರಗಿನಿಂದ ಹತ್ತನೆಯ ಪರೀಕ್ಷೆಗೆ ಕೂಡುವವನು.

ಅಂದಿನಿಂದ ಓದು ಜೊತೆಗೇ ಸಾಗಿತು. ತಲೆಗೆ ಹತ್ತದ ಗಣಿತ ಬೆಳಗಿನ ತಂಪಿನಲ್ಲಿ, ಸ್ಲ್ಯಾಬಿಗೆ ನೀರು ಬಿಡುವ ಮೊದಲು. ಇತಿಹಾಸ ಊಟದ ಹೊತ್ತಿಗೆ, ಪುಸ್ತಕ ಮುಚ್ಚಿ, ಒಬ್ಬರಿಗೊಬ್ಬರು ಕತೆಯಂತೆ ಹೇಳುವುದು. ಅವಳು ತಪ್ಪಿದರೆ ರೊಟ್ಟಿಯ ತುಂಡೊಂದು ಅವನಿಗೆ, ಅವನು ತಪ್ಪಿದರೆ ಅವಳಿಗೆ. ಅವನು ಬೇಕಂತಲೇ ತಪ್ಪುತ್ತಿದ್ದ. ಅವಳಿಗದು ಗೊತ್ತಿತ್ತು, ಕೆಳಗೆ ನೋಡಿ ನಗುತ್ತಿದ್ದಳು.

"ಬಾರದ ಪ್ರಶ್ನಿ ಮುಂದ ಕುಂಡ್ರಬ್ಯಾಡ. ಬಿಟ್ಟು ಮುಂದಕ ಹೋಗು. ಕಡೀಗೆ ವ್ಯಾಳ್ಯಾ ಉಳದ್ರ ತಿರುಗಿ ಬಾ," ಎಂದು ಪದೇ ಪದೇ ಹೇಳುತ್ತಿದ್ದ.

ಎಲ್ಲ ವಿಷಯ ಒಂದೇ ಸಲಕ್ಕೆ ಪಾಸಾದರೆ ನರ್ಸ್ ಟ್ರೇನಿಂಗಿಗೆ ಕಳಿಸುವೆ, ಒಂದರಲ್ಲಿ ಫೇಲಾದರೂ ಹೆಂಡತಿ ಸತ್ತ ಸೋದರಮಾವನಿಗೆ ಕೊಡುವೆ ಎಂದು ಅವಳ ಅಪ್ಪ ಅವ್ವಣ್ಣ ಖಡಾಖಂಡಿತ ಹೇಳಿದ್ದ.

ಕಡೆಯ ಪೇಪರು ವಿಜ್ಞಾನ, ಅಮಾಸಿಯ ದಿನ ಬಿದ್ದಿತ್ತು. ಇಬ್ಬರೂ ಹಗುರಾದರು, ಅಶುಭವೆಂದು ಅಮಾಸಿಗೆ ಯಾರೂ ಸ್ಲ್ಯಾಬ್ ಹಾಕುವುದಿಲ್ಲ. ಆದರೆ ಸಿಮೆಂಟು ಪರ್ಮಿಟ್ ಮೇಲೆ ಸಿಗುತ್ತಿದ್ದ ಕಾಲವದು. ತಿಂಗಳಿಂದ ಕಾದ ಲಾರಿ ಹಿಂದಿನ ಸಂಜೆ ಬಂತು. ಕೂಲಿಗಳ ಗ್ಯಾಂಗಿನ ಮುಕಾದಮ ಭುಜಂಗ ಮರುದಿನವೇ ಸ್ಲ್ಯಾಬ್ ಎಂದು ಸಾರಿ, ತೆಂಗಿನಕಾಯಿ ಒಡೆದು ದೇವರಿಗೆ ತಪ್ಪು ಒಪ್ಪಿಸಿದ. ಬುಟ್ಟಿ ಹೊರುವ ಸಾಲಿನಲ್ಲಿ ಒಬ್ಬರು ಕಡಿಮೆಯಾದರೆ ನಡೆದೀತು, ಇಬ್ಬರಲ್ಲ ಎಂದ. ಅದನ್ನು ಕೇಳಿಸಿಕೊಂಡವನು ಅಂಬಾರಾಯನೊಬ್ಬನೇ. ನೀ ಮುಂದ ಹೋಗು, ನಾ ಹಿಂದಿಂದ ಬರೂ ಬಸ್ಸಿಗೆ ಬರ್ತೀನಿ ಎಂದು ಬೆಳಿಗ್ಗೆ ಅವಳನ್ನು ಕಳಿಸಿದ.

ಪಿಂಪ್ರಿಯ ಶಾಲೆಯಲ್ಲಿ ಅವಳ ಮುಂದಿನ ಬೆಂಚು ಅವನದು. ಗಂಟೆ ಹೊಡೆಯಿತು, ಬಾಗಿಲು ಮುಚ್ಚಿತು, ಬೆಂಚು ಖಾಲಿಯೇ ಉಳಿಯಿತು. ಅಕ್ಷರಗಳು ಕಣ್ಣಲ್ಲಿ ಕಲಸಿಕೊಂಡವು. ಎದ್ದು ಹೋಗಬೇಕೆನಿಸಿತು. ಸೆರಗಿನಿಂದ ಮುಖ ಒರೆಸಿಕೊಂಡು ಬರೆಯತೊಡಗಿದಳು.

ಅವಳು ತಿರುಗಿ ಬಂದಾಗ ಅಂಬಾರಾಯ ಇನ್ನೂ ಬುಟ್ಟಿ ಹೊರುತ್ತಿದ್ದ. ಹಸಿ ಸಿಮೆಂಟಿಗೆ ಬೆರಳ ಸಂದಿಯ ಚರ್ಮ ಸುಲಿದಿತ್ತು. ಹೆಂಗಿತ್ತು ಪೇಪರು ಎಂದಷ್ಟೇ ಕೇಳಿದ. ಅವಳು ಅವನ ಕೈಗೆ ಕೊಬ್ಬರಿ ಎಣ್ಣೆ ಸವರಿದಳು.

ಅವಳು ಪಾಸಾದಳು. ಟ್ರೇನಿಂಗಿಗೆ ಸೊಲ್ಲಾಪುರಕ್ಕೆ ಹೊರಟ ದಿನ ಅವನು ಸ್ಟೇಶನ್ನಿಗೆ ಬಂದ. ಬಿಲ್ಡಿಂಗ್ ಮುಗಿದಿತ್ತು, ಮುಂದೆ ಗ್ಯಾಂಗು ಯಾವ ಊರಿಗೋ, ಅವನಿಗೂ ಗೊತ್ತಿರಲಿಲ್ಲ.

"ಆವತ್ತ ನಿನ್ನ ಬೆಂಚು ಬಿಟ್ಟು ಮುಂದಕ ಹೋದೆ," ಎಂದಳು. "ನನಗ ಬ್ಯಾರೆ ಯಾರೂ ಬ್ಯಾಡ. ತಿರುಗಿ ಬರ್ತೀನಿ."

ಅಂಬಾರಾಯ ಸುಲಿದು ಮಾಗಿದ ಬೆರಳುಗಳನ್ನು ಕಿಟಕಿಯ ಸರಳಿನ ಮೇಲಿಟ್ಟ. ಗಾಡಿ ಅಲುಗಿತು.

"ವ್ಯಾಳ್ಯಾ ಉಳದ್ರ," ಎಂದ.